ಬಿಸಿಲಿಗೆ ತುಂಬುವ ಹೊಳೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳ ಮಕ್ಕಳಿಗೆ ಹೊಳೆಯ ಸ್ವಭಾವವನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆ ಬಿದ್ದರೆ ಹೊಳೆ ಬರುವದು, ಬಿಸಿಲು ಬಲಿತರೆ ಹೊಳೆ ಬತ್ತುವದು. ಭೀಮೆಯು ಭೀಮಾಶಂಕರದಲ್ಲಿಯೂ ಕೃಷ್ಣೆಯು ಮಹಾಬಳೇಶ್ವರದಲ್ಲಿಯೂ ಹುಟ್ಟುವವು. ಎರಡಕ್ಕೂ ಸಹ್ಯಾದ್ರಿಯ ಮಳೆಯೇ ತಾಯಿ. ನಡುವಿನ ಡೋಣಿಯ ವಿಷಯದಲ್ಲಿ ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂಬ ಗಾದೆಯೇ ಉಂಟು. ಬೆಳೆಯದ ವರ್ಷ ಓಣಿಯ ಗತಿ ಏನೆಂಬುದನ್ನು ಗಾದೆ ಹೇಳುವದಿಲ್ಲ, ಮನೆಯವರು ಬಲ್ಲರು. ಇಂಥ ನಾಡಿನಲ್ಲಿ ಬೆಳೆದ ಹುಡುಗರಿಗೆ, ಬಿಸಿಲೇರಿದಷ್ಟೂ ತುಂಬಿ ಬರುವ ಹೊಳೆಯೊಂದಿದೆಯೆಂದು ಹೇಳಿದರೆ ಅವರು ನಕ್ಕಾರು. ಆದರೆ ಅಂಥ ಹೊಳೆ ಉಂಟು. ಅದನ್ನು ಕಣ್ಣಾರೆ ಕಂಡುಬರುವ ಅನುಕೂಲವೂ ಈಗ ಒದಗಿದೆ.

2015ರ ಅಕ್ಟೋಬರ 31ರಂದು, ಸರದಾರ ವಲ್ಲಭಭಾಯಿ ಪಟೇಲರ ಜಯಂತಿಯ ದಿವಸ, ‘ಏಕ ಭಾರತ ಶ್ರೇಷ್ಠ ಭಾರತ’ವೆಂಬ ಯೋಜನೆಯನ್ನು ಸಾರಲಾಯಿತು. ಒಂದು ರಾಜ್ಯದ ವಿದ್ಯಾರ್ಥಿಗಳು ಇನ್ನೊಂದಕ್ಕೆ ಹೋಗಿ ಅಲ್ಲಿಯ ನಡೆ, ನುಡಿ, ಊಟ, ಉಡಿಗೆಗಳನ್ನು ತಿಳಿದುಬರಬೇಕೆಂಬುದು ಅದರ ಉದ್ದೇಶಗಳಲ್ಲೊಂದು. ರಾಜ್ಯಗಳನ್ನು ಜೋಡಿ ಮಾಡಿದಾಗ ಕರ್ನಾಟಕದ ಪಾಲಿಗೆ ಬಂದದ್ದು ಉತ್ತರಾಖಂಡ. ಎರೆಯ ನಾಡಿಗೆ ಹಿಮದ ನಾಡು ಜೊತೆಯಾದದ್ದು ನಮಗೆ ಬಹಳ ಒಪ್ಪಿದೆ. ಇಂಥ ವಿನಿಮಯಗಳಲ್ಲಿ ಸಭೆ, ಸನ್ಮಾನ, ಹಾಡು-ಕುಣಿತಗಳಲ್ಲಿಯೇ ದಿನಗಳು ಸವೆದುಹೋಗುವ ಭಯವುಂಟು. ಅವೂ ಇರಲಿ. ಆದರೆ ಹರದ್ವಾರದವರೆಗೆ ಹೋದ ಮಕ್ಕಳು ಗಂಗೋತ್ರಿಯ ಹಿಮನದಿಯನ್ನು ನೋಡದೆ ಮರಳಬಾರದೆಂದು ನಮ್ಮ ಅಭಿಪ್ರಾಯ.

ಹದಿನೆಂಟರ ಹುಡುಗಿಯೊಬ್ಬಳು ಹೀಗೆ ಹೊರಟು ನಿಂತಾಗ ಮನೆಯ ಅಜ್ಜಿ, “ಯವ್ವಾ, ಹಿಮನದಿ ಅಂದರ ಏನ?” ಎಂದು ಕೇಳಿದರೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಅಜ್ಜಿಯು ಹಗೇವನ್ನು ಬಲ್ಲಳು. ಸುಗ್ಗಿ ಚೆನ್ನಾದ ವರ್ಷ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುವದು, ಬರಗಾಲದಲ್ಲಿ ತೆಗೆದು ಉಣ್ಣುವದು ನಮ್ಮ ಹಿರಿಯರ ಪದ್ಧತಿ. ಹಿಮನದಿಯು ನೀರಿನ ಹಗೇವು. ಎತ್ತರದ ಕಣಿವೆಗಳಲ್ಲಿ ಬಿದ್ದ ಹಿಮವು ಬೇಸಿಗೆಯಲ್ಲಿ ಪೂರ್ತಿ ಕರಗದೆ ಉಳಿದು, ಅದರ ಮೇಲೆ ಮರುವರ್ಷದ ಹಿಮ ಬಿದ್ದು, ಹೀಗೆ ಪದರು ಪದರಾಗಿ ಒತ್ತಿ ಗಟ್ಟಿಯಾದ ನೀರ್ಗಲ್ಲಾಗುವದು. ಅದು ಸುಮ್ಮನೆ ಬಿದ್ದಿರುವದಿಲ್ಲ. ಗಟ್ಟಿ ಬೆಲ್ಲದ ಪಾಕವು ಓರೆಯಾದ ತಟ್ಟೆಯಲ್ಲಿ ಸರಿಯುವಂತೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯುತ್ತಿರುವದು. ಗಂಗೋತ್ರಿಯ ಹಿಮನದಿಯು ಚೌಖಂಬಾ ಶಿಖರಗಳ ಬುಡದಿಂದ ಸುಮಾರು 30 ಕಿಲೋಮೀಟರು ಹೀಗೆ ಇಳಿದು ಗೋಮುಖದಲ್ಲಿ ಕೊನೆಗಾಣುವದು. ಗಢವಾಲದ ಜನರು ಇಂಥ ಹಿಮನದಿಗೆ ‘ಬಮಕ್’ ಎನ್ನುವರು. ಬಾಗೇವಾಡಿಯ ಸೀಮೆಯ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಕಟ್ಟೆಯು ಮಳೆಗಾಲದ ನೀರನ್ನು ಬೇಸಿಗೆಗೆ ಹಿಡಿದಿಡುವದಷ್ಟೆ. ಅಲ್ಲಿ ಅದೇ ಕೆಲಸವನ್ನು ಗೋಡೆಯಿಲ್ಲದೆ ಚಳಿಯು ಮಾಡುವದು.

ಪ್ರಯಾಣವು ದೀರ್ಘವಾದದ್ದು. ಸೊಲ್ಲಾಪುರದಿಂದ ದಿಲ್ಲಿ, ಅಲ್ಲಿಂದ ಹರದ್ವಾರ, ಮುಂದೆ ಬೆಟ್ಟದ ಅಂಚಿನ ರಸ್ತೆಯಲ್ಲಿ ಉತ್ತರಕಾಶಿ, ಗಂಗೋತ್ರಿ. ಗಂಗೋತ್ರಿಯಿಂದ ಗೋಮುಖಕ್ಕೆ 18 ಕಿಲೋಮೀಟರಿನ ಕಾಲುದಾರಿ. ನಡುವೆ ಚೀಡಬಾಸಾ, ಭೋಜಬಾಸಾಗಳೆಂಬ ತಂಗುದಾಣಗಳು. ಒಂದು ಪೈನಿನ ಗಿಡಗಳಿಂದ, ಮತ್ತೊಂದು ಭೂರ್ಜದ ಗಿಡಗಳಿಂದ ಹೆಸರು ಪಡೆದಿದೆ. ದಿನಕ್ಕೆ 150 ಜನರಿಗೆ ಮಾತ್ರ ಅಪ್ಪಣೆ. ತಂಡದ ಹಿರಿಯರು ಅದನ್ನು ಮೊದಲೇ ಪಡೆದಿರಬೇಕು.

ಗೋಮುಖವನ್ನು ಕಂಡೊಡನೆ ಮಕ್ಕಳಿಗೆ ನಿರಾಶೆಯಾಗುವ ಸಂಭವವಿದೆ. ಚಿತ್ರಗಳಲ್ಲಿಯ ಬೆಳ್ಳಗಿನ ಹಿಮವೆಲ್ಲಿ, ಈ ಕಲ್ಲು ಮಣ್ಣುಗಳಿಂದ ಮುಚ್ಚಿದ ಕೊಳಕು ದಿಬ್ಬವೆಲ್ಲಿ! ದೂರದಿಂದ ಅದು ನಮ್ಮ ಕಡೆಯ ಉತ್ತು ಬಿಟ್ಟ ಹೊಲದಂತೆಯೇ ತೋರುವದು. ಹಿಮವು ಇಳಿಯುವಾಗ ಅಕ್ಕಪಕ್ಕದ ಬೆಟ್ಟಗಳನ್ನು ಕೆರೆದು ಆ ಕಲ್ಲುಗಳನ್ನು ಮೈಮೇಲೆ ಹೊತ್ತು ತಂದಿರುವದು. ಬಿರುಕುಗಳಲ್ಲಿ ಮಾತ್ರ ಒಳಗಿನ ನೀಲಿ ಇಣುಕುವದು. ಅಡಿಯ ಗವಿಯಿಂದ ಭಾಗೀರಥಿಯು ಬೂದಿ ಕಲಸಿದ ಹಾಲಿನ ಬಣ್ಣದಲ್ಲಿ ಹೊರಬೀಳುವಳು.

ಇಲ್ಲಿ ಒಂದು ಹಗಲು ಕುಳಿತು ನೋಡಬೇಕು. ನಸುಕಿನಲ್ಲಿ ಸಣ್ಣಗೆ ಹರಿಯುವ ತೊರೆಗಳು ಬಿಸಿಲೇರಿದಂತೆ ಉಬ್ಬಿ, ಮಧ್ಯಾಹ್ನದ ಮೇಲೆ ಆರ್ಭಟಿಸತೊಡಗುವವು. ಬೆಳಗಿನಲ್ಲಿ ಮೊಣಕಾಲುದ್ದ ದಾಟಿದ ನೀರು ಸಂಜೆಗೆ ದಾಟಗೊಡದು. ಆದುದರಿಂದಲೇ ಅಲ್ಲಿಯ ದಾರಿ ಬಲ್ಲವರು ತೊರೆಗಳನ್ನು ಬೆಳಗಿನಲ್ಲಿಯೇ ದಾಟಿಸುವರು. ಇಂಡಿಯಲ್ಲಿ ಬಾವಿಯನ್ನು ಬತ್ತಿಸುವ ಸೂರ್ಯನೇ ಅಲ್ಲಿ ಹೊಳೆಯನ್ನು ತುಂಬಿಸುತ್ತಿರುವದನ್ನು ನಮ್ಮ ಹುಡುಗರು ನೋಡಿದಷ್ಟು ಆಶ್ಚರ್ಯದಿಂದ ಬೇರೆ ಯಾರೂ ನೋಡಲಾರರು. ಗಂಗೆಯ ನೀರೆಲ್ಲ ಹಿಮದ್ದೇ ಎಂದು ಮಾತ್ರ ತಿಳಿಯಬಾರದು. ಬಯಲಿಗಿಳಿದ ಮೇಲೆ ಅವಳಲ್ಲಿಯೂ ಮಳೆಯ ಪಾಲೇ ದೊಡ್ಡದು.

ಈ ಹಗೇವಿನ ಲೆಕ್ಕವನ್ನು ಬರೆದಿಟ್ಟವರಿದ್ದಾರೆ. 1935ರಲ್ಲಿ ಭೂಗರ್ಭ ಸಮೀಕ್ಷೆಯ ಜೆ. ಬಿ. ಆಡನ್ ಎಂಬವರು ಗೋಮುಖದ ನಕ್ಷೆಯನ್ನು ತೆಗೆದರು. ಆ ನಕ್ಷೆಯೊಡನೆ 1996ರ ಅಳತೆಯನ್ನು ಹೋಲಿಸಿದಾಗ, 61 ವರ್ಷಗಳಲ್ಲಿ ಹಿಮದ ಮೋರೆಯು ಒಂದು ಕಿಲೋಮೀಟರಿಗಿಂತ ಹೆಚ್ಚು ಹಿಂದಕ್ಕೆ ಸರಿದದ್ದು ಕಂಡುಬಂತು. ವರ್ಷಕ್ಕೆ ಸರಾಸರಿ 19 ಮೀಟರು. ಆಮೇಲೆ ಈ ವೇಗವು ಕೆಲಮಟ್ಟಿಗೆ ಇಳಿದರೂ ಸರಿಯುವದು ನಿಂತಿಲ್ಲ. ಜಗತ್ತಿನ ಉಷ್ಣತೆ ಏರಿದ್ದರಿಂದ ತುಂಬುವದಕ್ಕಿಂತ ತೆಗೆಯುವದು ಹೆಚ್ಚಾಗಿದೆ. ಇದರಲ್ಲಿ ಒಂದು ಮೋಸವುಂಟು. ಹೆಚ್ಚಾಗಿ ಕರಗುವ ಹಿಮವು ಮೊದಮೊದಲು ಹೆಚ್ಚು ನೀರನ್ನೇ ಕೊಡುವದು. ಹಗೇವಿನಿಂದ ಕೈ ಬಿಟ್ಟು ಜೋಳ ತೆಗೆಯುವ ಮನೆಯಲ್ಲಿಯೂ ಕೆಲವು ದಿನ ಊಟ ಸೊಗಸಾಗಿಯೇ ನಡೆಯುವದು! 1876ರಿಂದ 78ರವರೆಗಿನ ದೊಡ್ಡ ಬರದ ಮಾತನ್ನು ಮನೆತನದಲ್ಲಿ ಕೇಳುತ್ತ ಬಂದ ನಮ್ಮವರಿಗೆ ಹಗೇವಿನ ತಳ ಕಾಣಿಸುವದೆಂದರೇನೆಂದು ಬಿಡಿಸಿ ಹೇಳಬೇಕೆ?

ಇನ್ನು ತಾಯ್ತಂದೆಗಳ ಅಂಜಿಕೆಯ ವಿಷಯ. ಅದು ಬರಿಯ ಅಂಜಿಕೆಯಲ್ಲ. 2024ರ ಜೂನ ತಿಂಗಳಲ್ಲಿ ಕರ್ನಾಟಕದಿಂದ ಸಹಸ್ರತಾಲದ ಎತ್ತರಕ್ಕೆ ಹೋದ ತಂಡವು ಹಿಮಗಾಳಿಗೆ ಸಿಕ್ಕಿ 9 ಮಂದಿ ಮಡಿದರು. 2025ರ ಆಗಸ್ಟ 5ರಂದು ಗಂಗೋತ್ರಿಯ ದಾರಿಯಲ್ಲಿಯೇ ಇರುವ ಧರಾಲಿ ಗ್ರಾಮದ ಮೇಲೆ ಖೀರಗಂಗೆಯೆಂಬ ಹಳ್ಳವು ಕೆಸರು ಬಂಡೆಗಳನ್ನು ಹೊತ್ತು ನುಗ್ಗಿತು. ಆದುದರಿಂದ ಮಳೆಗಾಲದಲ್ಲಿ ಮಕ್ಕಳನ್ನು ಕಳಿಸಲೇಬಾರದು. ಮೇ ತಿಂಗಳ ಕೊನೆಯಿಂದ ಜೂನ ನಡುವಿನವರೆಗೆ, ಇಲ್ಲವೆ ಮಳೆ ಹಿಂದೆಗೆದ ಮೇಲೆ ದೀಪಾವಳಿಯೊಳಗೆ ಹೋಗುವದು ಲೇಸು. ಆಗಲೂ ಹವೆಯ ಮುನ್ಸೂಚನೆ ಕೆಟ್ಟದ್ದಿದ್ದರೆ ಹೊರಡದಿರುವದೇ ಜಾಣತನ.

ಗಂಗೋತ್ರಿಯು ಸಮುದ್ರಮಟ್ಟದಿಂದ 10 ಸಾವಿರ ಅಡಿಗಿಂತ ಎತ್ತರದಲ್ಲಿದೆ, ಗೋಮುಖವು ಸುಮಾರು 13 ಸಾವಿರ ಅಡಿ. ಅಲ್ಲಿಯ ಗಾಳಿ ತೆಳುವಾದದ್ದು. ಗಂಗೋತ್ರಿಯಲ್ಲಿ ಒಂದೆರಡು ದಿನ ತಂಗಿ ಮೈಗೆ ರೂಢಿ ಮಾಡಿಕೊಂಡು ಏರಬೇಕು. ತಲೆನೋವು, ಓಕರಿಕೆ, ನಿದ್ರೆ ಬಾರದಿರುವದು ಇವು ಕಂಡರೆ ಮೇಲೇರುವದನ್ನು ನಿಲ್ಲಿಸಬೇಕು; ಹೆಚ್ಚಿದರೆ, ನಡುರಾತ್ರಿಯಾದರೂ ಕೆಳಗಿಳಿಸಬೇಕು. ಹರೆಯದವರು ಜೊತೆಗಾರರ ಮುಂದೆ ನಾಚಿ ತಮ್ಮ ಬೇನೆಯನ್ನು ಬಚ್ಚಿಡುವರು. ಹಾಗೆ ಬಚ್ಚಿಡಕೂಡದೆಂದು ಮನೆಯಲ್ಲಿಯೇ ಆಣೆ ಮಾಡಿಸಿ ಕಳಿಸುವದು ಒಳ್ಳೆಯದು. ಹಿಮದ ಗವಿಯ ಬಾಯಿಯ ಹತ್ತಿರ ಯಾರೂ ಹೋಗಬಾರದು. ಮನೆಯಷ್ಟು ದೊಡ್ಡ ನೀರ್ಗಲ್ಲುಗಳು ಹೇಳದೆ ಕೇಳದೆ ಕಳಚಿ ಬೀಳುವವು.

ನಾವು ಹತ್ತಿ ಬೆಳೆಯುವವರು; ಆದರೂ ಅಲ್ಲಿ ಹತ್ತಿಯ ಬಟ್ಟೆಯು ವೈರಿ. ತೊಯ್ದರೆ ಬೇಗ ಒಣಗದೆ ಮೈಯ ಕಾವನ್ನೆಲ್ಲ ಹೀರಿಬಿಡುವದು. ಒಳಗೆ ಉಣ್ಣೆಯೂ ಹೊರಗೆ ಗಾಳಿ-ನೀರುಗಳನ್ನು ತಡೆಯುವ ಬಟ್ಟೆಯೂ ಬೇಕು. ಬುತ್ತಿಯ ಮಾತಿನಲ್ಲಿ ಮಾತ್ರ ನಮ್ಮವರು ಯಾರಿಗೂ ಸೋಲುವಂತಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಇವು ವಾರಗಟ್ಟಲೆ ಕೆಡವು, ಹೊರಲು ಹಗುರ. ಗಢವಾಲದ ಜೊತೆಗಾರರು ಮಂಡುವೆಯ ರೊಟ್ಟಿಯನ್ನು, ಅಂದರೆ ರಾಗಿಯದನ್ನು, ಮುಂದಿಟ್ಟಾಗ ಬದಲಾಗಿ ಕೊಡಲು ಇದಕ್ಕಿಂತ ಮೇಲಾದ ಕಾಣಿಕೆ ಯಾವುದು?

ಮರಳುವಾಗ ಅಜ್ಜಿಗಾಗಿ ಗಿಂಡಿಯಲ್ಲಿ ಗಂಗೆಯನ್ನು ತರದೆ ಇರುವ ಮಕ್ಕಳುಂಟೆ? ಗೋಮುಖದಲ್ಲಿ ತುಂಬಿದ ಆ ನೀರಿನಲ್ಲಿ ಸ್ವಲ್ಪವನ್ನು ಗಾಜಿನ ಲೋಟಕ್ಕೆ ಸುರಿದು ಅಲುಗಿಸದೆ ಇಡಿರಿ. ಮೆಲ್ಲಮೆಲ್ಲನೆ ನೀರು ತಿಳಿಯಾಗಿ, ತಳದಲ್ಲಿ ಬೂದಿಗಿಂತ ನುಣುಪಾದ ಹುಡಿ ಕೂಡುವದು. ಬೀಸುಕಲ್ಲಿನಂತೆ ಹಿಮನದಿಯು ಬೆಟ್ಟವನ್ನು ಅರೆದು ತೆಗೆದ ಹಿಟ್ಟು ಅದು.