ಆಕಾಶವನ್ನು ಓದುವವರು: ಖಗೋಳ ವಿಜ್ಞಾನಿಯ ಕೆಲಸ ಮತ್ತು ಅಲ್ಲಿಗೆ ಹೋಗುವ ದಾರಿ

ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಬಂದೊಡನೆ ಮಕ್ಕಳ ಮುಂದಿನ ಓದಿನ ಮಾತು ಮನೆಮನೆಯಲ್ಲೂ ಶುರುವಾಗುತ್ತದೆ. ಮಗನೋ ಮಗಳೋ "ನಾನು ಖಗೋಳ ವಿಜ್ಞಾನ ಓದುತ್ತೇನೆ" ಎಂದರೆ ಹೆತ್ತವರಿಗೆ ಎರಡು ಸಂಶಯ ಬರುತ್ತದೆ. ಇದು ಜ್ಯೋತಿಷ್ಯವಲ್ಲವೇ? ಇದರಿಂದ ಸಂಸಾರ ನಡೆದೀತೇ? ಉತ್ತರ ತಿಳಿದುಕೊಳ್ಳದೆ ಮಗುವಿನ ಆಸೆಯನ್ನು ಅಲ್ಲಿಗೇ ಮುಗಿಸಿಬಿಡುವುದು ನ್ಯಾಯವಲ್ಲ.

ಮೊದಲ ಸಂಶಯವನ್ನು ನೋಡೋಣ. ಜ್ಯೋತಿಷಿಯು ನಕ್ಷತ್ರ ನೋಡಿ ಮನುಷ್ಯನ ನಾಳೆಯನ್ನು ಹೇಳುತ್ತೇನೆ ಎನ್ನುತ್ತಾನೆ. ಖಗೋಳ ವಿಜ್ಞಾನಿ ಆ ನಕ್ಷತ್ರ ಯಾವುದರಿಂದ ಆಗಿದೆ, ಎಷ್ಟು ದೂರದಲ್ಲಿದೆ, ಎಷ್ಟು ಬಿಸಿಯಾಗಿದೆ ಎಂದು ಅಳೆಯುತ್ತಾನೆ. ತನ್ನ ಲೆಕ್ಕವನ್ನು ಬೇರೆಯವರು ಪರೀಕ್ಷಿಸಲೆಂದು ಎಲ್ಲರ ಮುಂದಿಡುತ್ತಾನೆ. ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗಾಗಿಯೇ ಹೀಗಾಯಿತೆಂದು ಜನರು ಆಡಿಕೊಂಡರು. ಯಾರ ಸಾವಿಗಾಗಲಿ ಜನನಕ್ಕಾಗಲಿ ಗ್ರಹಣವಾಗುವುದಿಲ್ಲ, ಸೂರ್ಯ ಚಂದ್ರರು ಅಲ್ಲಾಹನ ನಿದರ್ಶನಗಳು ಎಂದು ಪ್ರವಾದಿ(ಸ) ಅವರನ್ನು ತಿದ್ದಿದರು. ಎರಡು ದಾರಿಗಳ ನಡುವಿನ ಗೆರೆ ಇಲ್ಲಿಯೇ ಸ್ಪಷ್ಟವಾಗಿದೆ.

ಗ್ರಹಣವನ್ನು ವಿಜ್ಞಾನಿಗಳು ಹೇಗೆ ನೋಡುತ್ತಾರೆ ಎಂಬುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣವಾದಾಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ, ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಕಾದಿದ್ದರು. ಇಬ್ಬರ ಬಳಿಯೂ ಬೆಳಕನ್ನು ಕಾಮನಬಿಲ್ಲಿನಂತೆ ಬಣ್ಣಬಣ್ಣವಾಗಿ ಬಿಡಿಸುವ ಉಪಕರಣವಿತ್ತು. ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳು ಕಂಡವು; ಅವು ಕಾದ ಅನಿಲ ಎಂದು ಖಚಿತವಾಯಿತು. ಅವುಗಳಲ್ಲಿದ್ದ ಒಂದು ಹಳದಿ ಗೆರೆ ಅಂದು ತಿಳಿದಿದ್ದ ಯಾವ ಮೂಲವಸ್ತುವಿನದೂ ಅಲ್ಲವೆಂದು ಆಮೇಲೆ ಗೊತ್ತಾಗಿ, ಆ ಹೊಸ ವಸ್ತುವಿಗೆ ಹೀಲಿಯಂ ಎಂದು ಹೆಸರಿಟ್ಟರು. ಅದು ಭೂಮಿಯ ಮೇಲೆ ಸಿಕ್ಕಿದ್ದು 1895ರಲ್ಲಿ. ಕೈಗೆ ಎಟುಕದ್ದನ್ನು ಅದರ ಬೆಳಕಿನಿಂದಲೇ ಅರಿಯುವುದು ಇಂದಿಗೂ ಈ ವೃತ್ತಿಯ ಮುಖ್ಯ ಕೆಲಸ.

ಖಗೋಳ ವಿಜ್ಞಾನಿಗಳು ರಾತ್ರಿಯಿಡೀ ದೂರದರ್ಶಕಕ್ಕೆ ಕಣ್ಣಿಟ್ಟು ಕೂರುತ್ತಾರೆ ಎಂಬ ಕಲ್ಪನೆ ಈಗ ಹಳೆಯದಾಯಿತು. ತನ್ನ ಪ್ರಶ್ನೆ ಏನೆಂದು ಬರೆದು ದೂರದರ್ಶಕದ ಸಮಯಕ್ಕೆ ಅರ್ಜಿ ಹಾಕಬೇಕು. ಸಮಿತಿ ಒಪ್ಪಿದರೆ ಕೆಲವು ರಾತ್ರಿಗಳು ಸಿಗುತ್ತವೆ. ಮೋಡ ಕವಿದರೆ ಅವೂ ಕೈತಪ್ಪುತ್ತವೆ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ಸಿಕ್ಕ ಮಾಹಿತಿಯ ಮೇಲೆ ತಿಂಗಳುಗಟ್ಟಲೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ಪ್ರಬಂಧ ಬರೆಯುತ್ತಾರೆ. ಕೆಲವರು ಉಪಕರಣಗಳನ್ನೇ ಕಟ್ಟುತ್ತಾರೆ. 2023ರಲ್ಲಿ ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಸಿದ್ಧಪಡಿಸಿತು. ಅದು ಸೂರ್ಯಬಿಂಬವನ್ನು ತಾನೇ ಮರೆಮಾಡಿ, ಗ್ರಹಣದಲ್ಲಿ ಮಾತ್ರ ಕಾಣುವ ಹೊರ ಪ್ರಭೆಯನ್ನು ದಿನವೂ ನೋಡುತ್ತದೆ.

ಈ ವಿದ್ಯೆ ನಮಗೆ ಹೊಸದೂ ಅಲ್ಲ. 14ನೇ ಶತಮಾನದ ಇಬ್ನ್ ಶಾತಿರ್ ದಮಾಸ್ಕಸ್‌ನ ಉಮವೀ ಮಸೀದಿಯಲ್ಲಿ ಮುವಕ್ಕಿತ್ ಆಗಿದ್ದರು, ಅಂದರೆ ನಮಾಝಿನ ವೇಳೆ ಲೆಕ್ಕಹಾಕುವವರು. ಚಂದ್ರನ ಚಲನೆಗೆ ಅವರು ಕೊಟ್ಟ ಲೆಕ್ಕವೇ ಮುಂದೆ ಕೋಪರ್ನಿಕಸ್‌ನ ಗ್ರಂಥದಲ್ಲೂ ಕಾಣುತ್ತದೆ. 10ನೇ ಶತಮಾನದ ಅಲೆಪ್ಪೊದಲ್ಲಿ ಅಲ್-ಇಜ್ಲಿಯ್ಯಾ ಎಂಬ ಮಹಿಳೆ ಆಕಾಶವನ್ನು ಅಳೆಯುವ ಅಸ್ತರ್ಲಾಬ್ ತಯಾರಿಸುತ್ತಿದ್ದರು. ಆದರೆ ಹಿರಿಯರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು. ಆ ಕೆಲಸಕ್ಕೆ ಇಂದು ನಮ್ಮ ಮಕ್ಕಳೂ ಕೂರಬೇಕು.

ದಾರಿ ಹೀಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು. ಮುಂದೆ ಭೌತಶಾಸ್ತ್ರದಲ್ಲಿ ಬಿಎಸ್ಸಿ, ಎಂಎಸ್ಸಿ. ಇಂಜಿನಿಯರಿಂಗ್ ಓದಿದವರಿಗೂ ಬಾಗಿಲು ತೆರೆದಿದೆ. ಬಳಿಕ ಜೆಸ್ಟ್, ಗೇಟ್ ಅಥವಾ ನೆಟ್ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಪಿಎಚ್‌ಡಿಗೆ ಸೇರಬೇಕು. ಅದಕ್ಕೆ ಐದಾರು ವರ್ಷ ಹಿಡಿಯುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತಿದ್ದರೆ ಬಹಳ ಉಪಯೋಗ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆಗಳಲ್ಲಿ ಈ ಸಂಶೋಧನೆ ನಡೆಯುತ್ತದೆ.

ಇನ್ನು ಸಂಸಾರದ ಪ್ರಶ್ನೆ. ಕೇಂದ್ರ ಸರಕಾರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಪಿಎಚ್‌ಡಿಯ ನಂತರ ಕೆಲವು ವರ್ಷ ತಾತ್ಕಾಲಿಕ ಸಂಶೋಧನೆ, ಹಲವರಿಗೆ ವಿದೇಶದಲ್ಲಿ. ಖಾಯಂ ಹುದ್ದೆಗಳು ಕಡಿಮೆ, ಪೈಪೋಟಿ ಹೆಚ್ಚು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಆದರೆ ಅಲ್ಲಿ ಕಲಿತ ಗಣಿತ ಮತ್ತು ಕಂಪ್ಯೂಟರ್ ವಿದ್ಯೆ ವ್ಯರ್ಥವಾಗುವುದಿಲ್ಲ. ಕಾಲೇಜಿನ ಬೋಧನೆ, ಸಾಫ್ಟ್‌ವೇರ್, ಬಾಹ್ಯಾಕಾಶ ಕ್ಷೇತ್ರಗಳಲ್ಲಿ ಅದಕ್ಕೆ ಬೆಲೆ ಇದೆ.

ಹೆಣ್ಣುಮಕ್ಕಳಿಗೆ ಇದು ಸಲ್ಲದು ಎನ್ನುವವರು ನೆನಪಿಡಲಿ: ಮೇಲೆ ಹೇಳಿದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ 2019ರಲ್ಲಿ ನಿರ್ದೇಶಕಿಯಾದವರು ಅನ್ನಪೂರ್ಣಿ ಸುಬ್ರಮಣಿಯಂ.

ಹೆತ್ತವರೇ, ಮುಂದಿನ ಚಂದ್ರದರ್ಶನದ ಸಂಜೆ ಮಕ್ಕಳನ್ನು ಮಾಳಿಗೆಗೆ ಕರೆದೊಯ್ಯಿರಿ. ಎಳೆ ಚಂದ್ರ ಪಶ್ಚಿಮದಲ್ಲೇ ಏಕೆ ಕಾಣುತ್ತಾನೆ, ಏಕೆ ಬೇಗ ಮುಳುಗುತ್ತಾನೆ ಎಂದು ಕೇಳಿ. ಉತ್ತರ ಹುಡುಕುವ ಮಗು ಮನೆಯಲ್ಲಿದ್ದರೆ ಅದನ್ನು ತಡೆಯಬೇಡಿ. ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ. ಆಮೀನ್.