ದೋಣಿ ಹತ್ತುವ ಮೊದಲು ಒಂದು ಲೋಟ

ಒಂದು ಬಕೆಟ್ ನೀರು, ಒಂದು ಸ್ಟೀಲ್ ಲೋಟ, ಒಂದು ಹಿಡಿ ಬೆಣಚುಕಲ್ಲು. ದೋಣಿವಿಹಾರದ ತಯಾರಿಯನ್ನು ಬಚ್ಚಲಮನೆಯಲ್ಲೇ ಶುರುಮಾಡಬಹುದು. ಖಾಲಿ ಲೋಟವನ್ನು ನೀರಿಗೆ ಬಿಟ್ಟರೆ ವಾಲಿಕೊಳ್ಳುತ್ತದೆ. ತಳಕ್ಕೆ ಕಲ್ಲು ಹಾಕಿ ಬಿಡಿ, ನೆಟ್ಟಗೆ ತೇಲುತ್ತದೆ. ಈಗ ಕಲ್ಲು ತೆಗೆದು, ಲೋಟದ ಬಾಯಿಗೆ ಪುಟ್ಟ ತಟ್ಟೆಯಿಟ್ಟು ಅದೇ ಕಲ್ಲುಗಳನ್ನು ಅದರಲ್ಲಿ ಹಾಕಿ. ಕೈಬಿಟ್ಟ ಕೂಡಲೇ ಬುಳಕ್! ಭಾರ ಅಷ್ಟೇ ಇತ್ತು, ಕೂತ ಜಾಗ ಮಾತ್ರ ಬದಲಾಗಿತ್ತು.

ದೋಣಿಯಲ್ಲಿ ಆ ಕಲ್ಲುಗಳು ನಾವೇ. ದೋಣಿ ಒಂದು ಬದಿಗೆ ವಾಲಿದಾಗ ಆ ಬದಿ ಹೆಚ್ಚು ಮುಳುಗುತ್ತದೆ, ನೀರು ಅಲ್ಲಿ ಹೆಚ್ಚು ಬಲದಿಂದ ಮೇಲಕ್ಕೆ ಒತ್ತಿ ದೋಣಿಯನ್ನು ಸರಿಮಾಡುತ್ತದೆ. ಎಲ್ಲರೂ ಎದ್ದು ಒಂದೇ ಕಡೆ ಸೇರಿದರೆ ಗುರುತ್ವ ಕೇಂದ್ರ ಮೇಲಕ್ಕೂ ಪಕ್ಕಕ್ಕೂ ಸರಿದು, ನೀರಿನ ಒತ್ತು ಸಾಲದಾಗುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ನುಗ್ಗಿದ್ದರೆಂದು ಆಗ ವರದಿಯಾಗಿತ್ತು. ಸೆಲ್ಫಿಗಾಗಿ ಹರಿಗೋಲಿನಲ್ಲಿ ಎದ್ದು ನಿಲ್ಲುವವರಿಗೆ ಇದನ್ನು ಯಾರಾದರೂ ಹೇಳಬೇಕು.

ತಳದಲ್ಲಿ ನಿಂತ ನೀರನ್ನೂ ಹಗುರವಾಗಿ ಕಾಣಬೇಡಿ. ದೋಣಿ ವಾಲಿದ ಕಡೆಗೇ ಅದೂ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಅಂಬಿಗರು ಡಬ್ಬಿ ಹಿಡಿದು ಮೊಗೆದು ಚೆಲ್ಲುತ್ತಲೇ ಇರುವುದು ಸುಮ್ಮನೆ ಅಲ್ಲ.

ಇನ್ನು ಲೈಫ್ ಜಾಕೆಟ್. ಇಷ್ಟು ತೆಳು ಫೋಮು ಅರವತ್ತು ಕಿಲೋ ಆಳನ್ನು ಎತ್ತೀತೆ ಎಂಬ ಅನುಮಾನ ಹಲವರಿಗೆ. ಅದು ಅಷ್ಟನ್ನು ಎತ್ತಬೇಕಾಗಿಯೇ ಇಲ್ಲ. ನಮ್ಮ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ, ತನ್ನ ಭಾರದ ಬಹುಪಾಲನ್ನು ನೀರಿಗೇ ಹೊರಿಸಿರುತ್ತದೆ. ಮೂಗುಬಾಯಿ ನೀರಿನ ಮೇಲಿರಲು ಬೇಕಾಗುವ ಆಸರೆ ಕೆಲವೇ ಕಿಲೋಗಳಷ್ಟು. ಆದರೆ ಬಕಲ್ ಹಾಕದ ಜಾಕೆಟ್ ನೀರಿಗೆ ಬಿದ್ದೊಡನೆ ಕಿವಿಯವರೆಗೆ ಏರಿ, ಕೊನೆಗೆ ಕಳಚಿ ತಾನೊಂದೇ ತೇಲಿಹೋಗುತ್ತದೆ. ದಡದಲ್ಲೇ ಪಟ್ಟಿಗಳನ್ನು ಬಿಗಿದು, ಜೊತೆಯವರಿಂದ ಭುಜದ ಹತ್ತಿರ ಹಿಡಿದು ಮೇಲಕ್ಕೆಳೆಸಿ ನೋಡಿ. ಗಲ್ಲ ದಾಟಿ ಬಂತೆಂದರೆ ಅದು ನಿಮ್ಮ ಅಳತೆಯದಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಖಂಡಿತ ಬೇಡ.

ಕರಾವಳಿಯಲ್ಲಾದರೆ ಬೆಳಗಿನ ಹೊತ್ತೇ ವಾಸಿ. ಬಿಸಿಲೇರಿದಂತೆ ನೆಲ ಕಾದು ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಗಾಳಿ ನುಗ್ಗುತ್ತದೆ. ಬೆಳಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಕುಣಿಯತೊಡಗುವುದು ಹೀಗೆ. ಹೋಗುವ ಜಾಗ, ಮರಳುವ ಹೊತ್ತನ್ನು ದಡದಲ್ಲಿರುವ ಯಾರಿಗಾದರೂ ತಿಳಿಸಿರಿ. ಕಡಲಲ್ಲಿ ಅಪಾಯವಾದರೆ ಕರೆಯಬೇಕಾದ ಕೋಸ್ಟ್ ಗಾರ್ಡ್ ಸಂಖ್ಯೆ 1554.

ಹತ್ತುವ ಮೊದಲು ಒಮ್ಮೆ ಬಗ್ಗಿ ದೋಣಿಯ ಅಂಚನ್ನು ನೋಡಿ. ನೀರಿಗೂ ಅಂಚಿಗೂ ಒಂದು ಗೇಣೂ ಇಲ್ಲವೆಂದರೆ, "ಇನ್ನಿಬ್ಬರು ಹಿಡಿಸ್ತಾರೆ, ಬನ್ನಿ ಸಾರ್" ಎಂದು ಎಷ್ಟೇ ಕರೆದರೂ ಹತ್ತಬೇಡಿ. ಮುಂದಿನ ದೋಣಿಗೆ ಕಾಯಿರಿ.