ಕೆ.ಡಿ.ಎಂ. ಚಿನ್ನ ಎಂದರೇನು?

ಚಿತ್ರದುರ್ಗದ ಕೋಟೆ ಬೆಟ್ಟಗಳ ಬುಡದಲ್ಲಿರುವ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. ಅಲ್ಲಿ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ತಿಬೇರಿಯಸರ ಬೆಳ್ಳಿ ನಾಣ್ಯಗಳು ದೊರೆತಿವೆ. (ಲೂಕನ ಶುಭಸಂದೇಶ ಓದಿದವರಿಗೆ ಈ ಎರಡೂ ಹೆಸರುಗಳು ಪರಿಚಿತ.) ನಾಣ್ಯಕ್ಕೆ ಅರಸನ ಮುದ್ರೆಯ ಭರವಸೆಯಿತ್ತು. ಆಭರಣಕ್ಕೆ ಬಹುಕಾಲ ಇದ್ದದ್ದು ಒರೆಗಲ್ಲು ಮತ್ತು ಅಕ್ಕಸಾಲಿಗನ ಮಾತು.

ಅಪ್ಪಟ ಚಿನ್ನ ಬಹಳ ಮೆದು. ಆದ್ದರಿಂದ ತಾಮ್ರ, ಬೆಳ್ಳಿ ಬೆರೆಸಿ 22 ಕ್ಯಾರೆಟ್, ಅಂದರೆ ಶೇ. 91.6ರ ಚಿನ್ನ ಮಾಡುತ್ತಾರೆ. ಸರದ ಕೊಂಡಿಗಳನ್ನು ಬೆಸೆಯುವ ಲೋಹ ಮಾತ್ರ ಆಭರಣಕ್ಕಿಂತ ಮೊದಲೇ ಕರಗಬೇಕು. ಹಿಂದೆ ಇದಕ್ಕೆ ತಾಮ್ರ, ಬೆಳ್ಳಿ ಹೆಚ್ಚಿದ್ದ ಬೆಸುಗೆ ಬಳಸುತ್ತಿದ್ದರು. ಹಳೆಯ ಸರವನ್ನು ಕರಗಿಸಿದಾಗ ಚಿನ್ನದ ಮಟ್ಟ ಇಳಿಯುತ್ತಿದ್ದುದು ಇದರಿಂದಲೇ. ಪ್ರತಿ ಸಲವೂ ಅದು ಮೋಸವಾಗಿರಲಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಕ್ಯಾಡ್ಮಿಯಂ. 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದರೆ ಬೆಸುಗೆ ಸುಲಭವಾಗಿ ಕರಗುತ್ತದೆ, ಮಟ್ಟವೂ ಉಳಿಯುತ್ತದೆ. ಕೆ.ಡಿ.ಎಂ. ಎಂಬ ಹೆಸರು ಇದರಿಂದ ಬಂತು. ಅದು ಶುದ್ಧತೆಯ ಸರಕಾರಿ ಮುದ್ರೆಯಲ್ಲ.

ಇದರ ಬೆಲೆ ತೆತ್ತವನು ಅಕ್ಕಸಾಲಿಗ. ಚಿನ್ನ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಬೇಕು. ಕ್ಯಾಡ್ಮಿಯಂ 767 ಡಿಗ್ರಿಯಲ್ಲೇ ಕುದಿದು ಹೊಗೆಯಾಗುತ್ತದೆ. ಊದುಕೊಳವೆ ಹಿಡಿದು ಬಗ್ಗಿ ಕುಳಿತವನ ಮುಖ ಆ ಹೊಗೆಗೆ ಬಹಳ ಹತ್ತಿರ. ಉಸಿರಾಡಿದ ಕೂಡಲೇ ಏನೂ ತಿಳಿಯದಿರಬಹುದು. ಹಲವು ಗಂಟೆಗಳ ಬಳಿಕ ಜ್ವರ, ಎದೆಬಿಗಿತ, ಕೆಮ್ಮು. ಫ್ಲೂ ಎಂದುಕೊಂಡು ಮನೆಯಲ್ಲೇ ಮಲಗಿದರೆ ಶ್ವಾಸಕೋಶದ ಹಾನಿ ಪ್ರಾಣಕ್ಕೇ ಎರವಾಗಬಹುದು. ವರ್ಷಗಟ್ಟಲೆ ಸ್ವಲ್ಪಸ್ವಲ್ಪ ಹೊಗೆ ಸೇವಿಸಿದವರ ಮೂತ್ರಪಿಂಡ ಕೆಡುತ್ತದೆ. ಕ್ಯಾಡ್ಮಿಯಂ ಕ್ಯಾನ್ಸರ್‌ಕಾರಕವೂ ಹೌದು. ಮನೆಯ ಒಂದು ಕೋಣೆಯೇ ಕಾರ್ಯಾಗಾರವಾಗಿರುವಲ್ಲಿ ಮಕ್ಕಳೂ ಅದೇ ಗಾಳಿ ಸೇವಿಸುತ್ತಾರೆ.

ಈಗ ಸತುವಿನಂಥ ಬೇರೆ ಲೋಹಗಳ ಬೆಸುಗೆ ಇದೆ, ದೊಡ್ಡ ಘಟಕಗಳಲ್ಲಿ ಲೇಸರ್ ಯಂತ್ರವಿದೆ. ಆಭರಣ ಕೊಳ್ಳುವಾಗ ಬಿ.ಐ.ಎಸ್. ಚಿಹ್ನೆ, 22ಕೆ916 ಮತ್ತು ಆರು ಅಕ್ಷರ-ಅಂಕಿಗಳ ಎಚ್.ಯು.ಐ.ಡಿ. ನೋಡಬೇಕು. 2021ರ ಜೂನ್ 16ರಿಂದ ಜಿಲ್ಲೆಗಳಲ್ಲಿ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ.

ನಮ್ಮ ಮನೆಗಳಲ್ಲಿ ಇನ್ನೂ ಕೆ.ಡಿ.ಎಂ. ಸರ, ಬಳೆಗಳಿವೆ. ಧರಿಸುವುದರಿಂದ ಹೊಗೆಯ ಅಪಾಯವಿಲ್ಲ. ರಿಪೇರಿಗೆ ಕಾಯಿಸಿದಾಗ ಹಳೆಯ ಬೆಸುಗೆಯಿಂದ ಮತ್ತೆ ಹೊಗೆ ಏಳುತ್ತದೆ. ಆದ್ದರಿಂದ ಕೊಡುವಾಗಲೇ "ಇದು ಕೆ.ಡಿ.ಎಂ., ಕಿಟಕಿ ತೆರೆದು, ಫ್ಯಾನ್ ಹಾಕಿ ಕೆಲಸ ಮಾಡಿ" ಎಂದು ಅಕ್ಕಸಾಲಿಗರಿಗೆ ತಿಳಿಸಿರಿ.